ಗುಜರಿ ಟರ್ಬೊ, ಜೆಟ್ ಬೈಕು

1963ರ ಆಗಸ್ಟ್ 5ರಂದು ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಕ್ರೇಗ್ ಬ್ರೀಡ್‌ಲವ್ ಅವರು ‘ಸ್ಪಿರಿಟ್ ಆಫ್ ಅಮೆರಿಕ’ ಎಂಬ ವಾಹನವನ್ನು ಗಂಟೆಗೆ 655 ಕಿಲೋಮೀಟರ್ ವೇಗದಲ್ಲಿ ಓಡಿಸಿದರು. ಅದರೊಳಗಿದ್ದದ್ದು ಸೇನೆ ಬೇಡವೆಂದು ವಿಲೇವಾರಿ ಮಾಡಿದ್ದ ಜೆ47 ಜೆಟ್ ಎಂಜಿನ್. ಕಾರು ರೇಸಿನ ಅಂತರರಾಷ್ಟ್ರೀಯ ಒಕ್ಕೂಟ ಈ ದಾಖಲೆಯನ್ನು ಒಪ್ಪಲಿಲ್ಲ. ಕಾರೆಂದರೆ ನಾಲ್ಕು ಚಕ್ರ ಇರಬೇಕು, ಎಂಜಿನ್ನಿನ ಬಲ ಚಕ್ರಕ್ಕೇ ಹೋಗಬೇಕು ಎಂಬುದು ಅದರ ನಿಯಮವಾಗಿತ್ತು. ಈ ವಾಹನಕ್ಕಿದ್ದದ್ದು ಮೂರೇ ಚಕ್ರ, ಅವೂ ಸುಮ್ಮನೆ ಉರುಳುತ್ತಿದ್ದವು. ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ ಮಾತ್ರ ಅದನ್ನು ಮೂರು ಚಕ್ರದ ಮೋಟರ್‌ಸೈಕಲ್ಲೆಂದು ಬರೆದುಕೊಂಡಿತು. ಹೀಗಾಗಿ ಜೆಟ್ ಬಲದಿಂದ ನೆಲದ ಮೇಲೆ ಆದ ಆ ದೊಡ್ಡ ದಾಖಲೆ ಮೋಟರ್‌ಸೈಕಲ್ಲಿನ ಲೆಕ್ಕಕ್ಕೆ ಸೇರಿತು. ಇಂದು ಅದೇ ಬಗೆಯಲ್ಲಿ ಹಳೆಯ ಲಾರಿಯ ಟರ್ಬೊ ತಂದು, ಮನೆಯ ಹಿತ್ತಲಲ್ಲಿ ಜೆಟ್ ಎಂಜಿನ್ ಕಟ್ಟಿ, ಅದನ್ನು ಬೈಕಿಗೆ ಕೂರಿಸುವ ಹವ್ಯಾಸಿಗಳನ್ನು ಜನ ಸಾಮಾನ್ಯವಾಗಿ ಪ್ರಾಣದ ಹಂಗಿಲ್ಲದ ಸಾಹಸಿಗಳೆಂದೇ ಕಾಣುತ್ತಾರೆ. ನನ್ನ ವಾದ ಬೇರೆ. ಜೆಟ್ ಎಂಜಿನ್ ಯಾವ ದಾರಿಯಲ್ಲಿ ಹುಟ್ಟಿತೋ ಆ ದಾರಿಯಲ್ಲೇ ಇವರು ಇನ್ನೊಮ್ಮೆ ನಡೆಯುತ್ತಿದ್ದಾರೆ. ಆ ಹುಟ್ಟಿನ ಕಥೆಯಲ್ಲಿ ಸರ್ಕಾರ, ವಾಯುಪಡೆ, ಕಂಪನಿಗಳ ಹೆಸರು ಎದ್ದು ಕಾಣುವುದರಿಂದ ವರ್ಕ್‌ಶಾಪಿನ ಪಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಮೊದಲು ಟರ್ಬೊದ ಮಾತು. ಎಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆಯಿಂದ ಟರ್ಬೈನ್ ಎಂಬ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಕಂಪ್ರೆಸರ್ ಎಂಬ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಈ ಸಾಧನಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಸ್ಯಾನ್‌ಫೋರ್ಡ್ ಮಾಸ್ ಓದುವಾಗ ಗ್ಯಾಸ್ ಟರ್ಬೈನಿನ ಬೆನ್ನು ಹತ್ತಿದವರು. 1918ರಲ್ಲಿ ಅವರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ವಿಮಾನದ ಎಂಜಿನ್ ಸಾಗಿಸಿ, ತೆಳು ಗಾಳಿಯಲ್ಲೂ ಟರ್ಬೊ ಇದ್ದರೆ ಬಲ ಕುಗ್ಗುವುದಿಲ್ಲವೆಂದು ತೋರಿಸಿದರು. 1941ರಲ್ಲಿ ಬ್ರಿಟನ್ನಿನ ಫ್ರಾಂಕ್ ವಿಟ್ಲ್ ಅವರ ಜೆಟ್ ಎಂಜಿನ್ ಅಮೆರಿಕಕ್ಕೆ ಬಂದಾಗ ಅದನ್ನು ತಯಾರಿಸುವ ಹೊಣೆ ಜನರಲ್ ಎಲೆಕ್ಟ್ರಿಕ್‌ಗೇ ಬಂತು. ಬಿಸಿ ಅನಿಲದಲ್ಲಿ ವೇಗವಾಗಿ ತಿರುಗುವ ಚಕ್ರಗಳನ್ನು ಮಾಡಿ ಪಳಗಿದ ಕೈ ಅವರದಾಗಿತ್ತು. ಟರ್ಬೊದ ಎರಡು ಚಕ್ರಗಳ ನಡುವೆ ಪಿಸ್ಟನ್ ಎಂಜಿನ್ನಿನ ಬದಲು ಬೆಂಕಿ ಉರಿಯುವ ಒಂದು ಡಬ್ಬಿ ಇಟ್ಟರೆ ಅದೇ ಜೆಟ್ ಎಂಜಿನ್. ಹವ್ಯಾಸಿ ಮಾಡುವುದು ಇದನ್ನೇ.

ಹೇಳಲು ಸುಲಭ, ಆ ಡಬ್ಬಿಯೊಳಗೆ ಬೆಂಕಿ ನಿಲ್ಲಿಸುವುದೇ ಕಷ್ಟ. ಜರ್ಮನಿಯ ಗ್ಯೋಟಿಂಗನ್ನಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಹಾನ್ಸ್ ಫಾನ್ ಓಹೈನ್ ತಮ್ಮ ಮೊದಲ ಮಾದರಿಯನ್ನು ಕಟ್ಟಿಸಿದ್ದು ಊರಿನ ಒಂದು ಕಾರು ರಿಪೇರಿ ಗ್ಯಾರೇಜಿನಲ್ಲಿ. ಕಟ್ಟಿದವರು ಮಾಕ್ಸ್ ಹಾನ್ ಎಂಬ ಮೆಕ್ಯಾನಿಕ್. ಆ ಮಾದರಿ ತಾನಾಗಿ ಓಡಲಿಲ್ಲ. ಬೆಂಕಿ ಒಳಗೆ ನಿಲ್ಲದೆ ಹಿಂಬದಿಯಿಂದ ಹೊರಗೆ ಚಾಚುತ್ತಿತ್ತು. ಆದರೂ ಹೈಂಕೆಲ್ ವಿಮಾನ ಕಂಪನಿ 1936ರಲ್ಲಿ ಓಹೈನ್ ಅವರನ್ನು ಕೆಲಸಕ್ಕೆ ತೆಗೆದುಕೊಂಡಾಗ ಹಾನ್ ಕೂಡ ಜೊತೆಗೆ ಹೋದರು. 1939ರ ಆಗಸ್ಟ್ 27ರಂದು ಹಾರಿದ ಜಗತ್ತಿನ ಮೊದಲ ಜೆಟ್ ವಿಮಾನದ ಹಿಂದೆ ಆ ಮೆಕ್ಯಾನಿಕ್ಕಿನ ಕೈ ಇದೆ. ಬ್ರಿಟನ್ನಿನಲ್ಲಿ ವಿಟ್ಲ್ ಅವರ ಎಂಜಿನ್ 1937ರ ಏಪ್ರಿಲ್ 12ರಂದು ರಗ್ಬಿ ಊರಿನ ಕಾರ್ಖಾನೆಯಲ್ಲಿ ಮೊದಲ ಬಾರಿಗೆ ಓಡಿತು. ಓಡಿದ್ದಷ್ಟೇ ಅಲ್ಲ, ಇಂಧನದ ವಾಲ್ವ್ ಮುಚ್ಚಿದ ಮೇಲೂ ವೇಗ ಏರುತ್ತಲೇ ಹೋಯಿತು. ಸುತ್ತ ನಿಂತವರು ಓಡಿದರು. ಚಾಲೂ ಮಾಡುವ ಮೊದಲೇ ಸೋರಿದ್ದ ಇಂಧನ ಡಬ್ಬಿಯ ತಳದಲ್ಲಿ ಮಡುಗಟ್ಟಿತ್ತು ಎಂಬುದು ಆಮೇಲೆ ತಿಳಿಯಿತು. ಉರಿಯುವ ಡಬ್ಬಿಯ ತೊಂದರೆ ತಹಬಂದಿಗೆ ಬಂದದ್ದು 1940ರಲ್ಲಿ, ಶೆಲ್ ಕಂಪನಿಯ ಐಸಾಕ್ ಲಬಕ್ ಇಂಧನವನ್ನು ಮಂಜಿನಂತೆ ಸಿಂಪಡಿಸುವ ಬರ್ನರ್ ತಂದ ಮೇಲೆ.

ಇಂದಿನ ಹವ್ಯಾಸಿಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಕಥೆಯ ಒಂದೊಂದು ತಿರುವೂ ಅಲ್ಲಿ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಕೊಳವೆಯೊಳಗೆ ತೂತು ಕೊರೆದ ಇನ್ನೊಂದು ಕೊಳವೆ ಇರುತ್ತದೆ. ಬೆಂಕಿ ಉರಿಯುವುದು ಒಳಗಿನದರಲ್ಲಿ. ತೂತುಗಳ ಒಟ್ಟು ವಿಸ್ತೀರ್ಣ ಟರ್ಬೊ ಗಾಳಿ ಎಳೆಯುವ ಬಾಯಿಯಷ್ಟೇ ಇರಬೇಕೆಂಬುದು ಹವ್ಯಾಸಿಗಳು ಪಾಲಿಸುವ ಲೆಕ್ಕ. ಮುಂದಿನ ಸಣ್ಣ ತೂತುಗಳು ಉರಿಯಲು ಬೇಕಾದ ಗಾಳಿ ಕೊಡುತ್ತವೆ, ನಡುವಿನವು ಉರಿಯನ್ನು ಪೂರ್ತಿ ಮಾಡುತ್ತವೆ, ಕೊನೆಯ ದೊಡ್ಡ ತೂತುಗಳಿಂದ ನುಗ್ಗುವ ಗಾಳಿ ಅನಿಲವನ್ನು ಟರ್ಬೈನ್ ತಾಳುವಷ್ಟಕ್ಕೆ ತಣಿಸುತ್ತದೆ. ಬ್ಲೋವರಿನಿಂದ ಗಾಳಿ ಊದಿ, ಸ್ಪಾರ್ಕ್ ಪ್ಲಗ್ಗಿನಿಂದ ಗ್ಯಾಸಿಗೆ ಕಿಡಿ ಹೊತ್ತಿಸಿ, ಚಕ್ರ ತನ್ನ ಕಾಲ ಮೇಲೆ ನಿಂತ ಮೇಲೆ ಸೀಮೆಎಣ್ಣೆಗೋ ಡೀಸೆಲ್ಲಿಗೋ ಬದಲಿಸುತ್ತಾರೆ. ದೊಡ್ಡ ಟರ್ಬೊ ನಿಮಿಷಕ್ಕೆ 70 ಸಾವಿರದಿಂದ ಒಂದು ಲಕ್ಷ ಸುತ್ತು ತಿರುಗುವುದರಿಂದ ಬೇರಿಂಗಿಗೆ ಎಣ್ಣೆ ಹಾಯಿಸಲು ಬೇರೆ ಪಂಪು ಬೇಕು. ಒತ್ತಡ ಇಳಿದರೆ ಕ್ಷಣದಲ್ಲಿ ಅಚ್ಚು ಕಚ್ಚಿಕೊಳ್ಳುತ್ತದೆ. ನಿಜವಾದ ಟ್ಯೂನಿಂಗ್ ಇರುವುದು ಹಿಂಬದಿಯ ಕೋನಿನಲ್ಲಿ. ಅದರ ಬಾಯಿ ಕಿರಿದಾದಷ್ಟೂ ಅನಿಲದ ವೇಗ ಹೆಚ್ಚಿ ತಳ್ಳುವ ಬಲ ಏರುತ್ತದೆ. ಆದರೆ ಬಿಸಿಯೂ ಏರುತ್ತದೆ, ಕಂಪ್ರೆಸರ್ ಸರ್ಜ್ ಆಗುವ ಅಂಚಿಗೆ ಬರುತ್ತದೆ. ಸರ್ಜ್ ಎಂದರೆ ಒತ್ತಿದ ಗಾಳಿ ಹಿಮ್ಮುಖವಾಗಿ ಢಬಢಬನೆ ಬಡಿಯುವುದು. ಹೊಗೆಯ ಬಿಸಿ 700 ಡಿಗ್ರಿಯ ಸುತ್ತ ನಿಲ್ಲುವಂತೆ ಕೋನಿನ ಬಾಯಿಯನ್ನು ಮಿಲಿಮೀಟರುಗಳಲ್ಲಿ ತಿದ್ದಿ, ಮತ್ತೆ ಓಡಿಸಿ, ಮೀಟರುಗಳ ಮುಳ್ಳು ನೋಡಿ, ಮತ್ತೆ ತಿದ್ದಬೇಕು. ನಿಂತ ಸೀಮೆಎಣ್ಣೆ ಒಮ್ಮೆಗೇ ಹೊತ್ತಿಕೊಂಡು ಎಂಜಿನ್ ಹಿಡಿತ ತಪ್ಪುವ ಅಪಾಯ ವಿಟ್ಲ್ ಅವರಿಗೆ ಎದುರಾದಂತೆಯೇ ಇವರಿಗೂ ಎದುರಾಗುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ವಿಟ್ಲ್ ವಾಯುಪಡೆಯ ಅಧಿಕಾರಿ, ಕೇಂಬ್ರಿಡ್ಜಿನಲ್ಲಿ ಓದಿದವರು. ಓಹೈನ್ ಅವರಿಗೆ ಹೈಂಕೆಲ್ ಹಣ ಸಿಗದಿದ್ದರೆ ಗ್ಯಾರೇಜಿನ ಮಾದರಿ ಅಲ್ಲೇ ತುಕ್ಕು ಹಿಡಿಯುತ್ತಿತ್ತು. ಕಡುಬಿಸಿ ತಾಳುವ ನಿಕಲ್ ಮಿಶ್ರಲೋಹಗಳು ಯಾವ ಹಿತ್ತಲಲ್ಲೂ ಹುಟ್ಟಲಿಲ್ಲ. ಇದೆಲ್ಲ ನಿಜ, ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಬೆಂಗಳೂರೇ ಇದಕ್ಕೆ ಸಾಕ್ಷಿ. ಇಲ್ಲಿ ರೂಪುಗೊಂಡ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿದ್ದು ಬ್ರಿಟಿಷ್ ವಿನ್ಯಾಸದ ಆರ್ಫಿಯಸ್ ಎಂಜಿನ್ನುಗಳಿಂದ; ಇಲ್ಲಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಕಾವೇರಿ ಎಂಜಿನ್ನಿಗಾಗಿ ದಶಕಗಳಿಂದ ದುಡಿದಿದ್ದರೂ ತೇಜಸ್ ಯುದ್ಧವಿಮಾನ ಇಂದಿಗೂ ಅಮೆರಿಕದ ಎಂಜಿನ್ನಿನಲ್ಲೇ ಹಾರುತ್ತಿದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ. ಗುಜರಿಗೆ ಬಂದ ಟರ್ಬೊದಲ್ಲಿ ಆ ದುಬಾರಿ ಲೋಹದ ಚಕ್ರ, ಅದನ್ನು ಎರಕ ಹೊಯ್ದ ಕೌಶಲ, ತೂಕ ಸಮ ಮಾಡಿದ ಅಚ್ಚು ಎಲ್ಲ ಸಿದ್ಧವಾಗಿಯೇ ಬಂದಿರುತ್ತವೆ. ಹವ್ಯಾಸಿಗೆ ಉಳಿಯುವುದು ಬೆಂಕಿ, ಗಾಳಿ ಮತ್ತು ಇಂಧನವನ್ನು ಹೊಂದಿಸುವ ಕೆಲಸ. ಅದನ್ನು ಅಂದೂ ಕೈಯಿಂದ ಮಾಡಿ ನೋಡಿಯೇ ಕಲಿಯಬೇಕಿತ್ತು. ಓಹಾಯೊದ ಆರ್ಟ್ ಆರ್ಫನ್ಸ್ ಹೊರವಸ್ತು ಹೊಕ್ಕು ಹಾಳಾಗಿದ್ದ ಜೆ79 ಎಂಜಿನ್ನನ್ನು ಗುಜರಿಯಿಂದ ಕೊಂಡಾಗ ಕಂಪನಿ ಅದರ ಕೈಪಿಡಿಯನ್ನೂ ಕೊಡಲಿಲ್ಲ. ಅವರು ತಾವೇ ಬಿಚ್ಚಿ, ರಿಪೇರಿ ಮಾಡಿ, ಮನೆಯಂಗಳದ ಮರಕ್ಕೆ ಕಟ್ಟಿ ಓಡಿಸಿ ನೋಡಿದರು. 1964ರ ಅಕ್ಟೋಬರಿನಲ್ಲಿ ನೆಲದ ವೇಗದ ದಾಖಲೆ ಅವರದಾಯಿತು.

ಹವ್ಯಾಸಿಗಳು ಪಡೆದದ್ದಷ್ಟೇ ಅಲ್ಲ, ತಿರುಗಿ ಕೊಟ್ಟದ್ದೂ ಉಂಟು. 1990ರ ಆಸುಪಾಸಿನಲ್ಲಿ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಮಾದರಿ ವಿಮಾನಕ್ಕಾಗಿ ಅಂಗೈಯಲ್ಲಿ ಹಿಡಿಯಬಹುದಾದ ಚಕ್ರಗಳ ಪುಟ್ಟ ಜೆಟ್ ಎಂಜಿನ್ ಕಟ್ಟಿದರು. ಅದರ ಕಂಪ್ರೆಸರ್ ಚಕ್ರ ಪ್ಲೈವುಡ್ಡಿನದು. ಸಿಡಿಯದಂತೆ ಕಾರ್ಬನ್ ನಾರು ಸುತ್ತಿದ್ದರು. ಮನೆಯಲ್ಲೇ ಕಟ್ಟುವ ವಿಧಾನವನ್ನು ಪುಸ್ತಕವಾಗಿಯೂ ಬರೆದು ಎಲ್ಲರ ಕೈಗಿಟ್ಟರು. ಸಣ್ಣ ಎಂಜಿನ್ನಿನಲ್ಲಿ ಸಿಂಪಡಿಸುವ ಬರ್ನರ್ ಸರಿಹೋಗುವುದಿಲ್ಲವಾದ್ದರಿಂದ ಈ ಪುಟ್ಟ ಎಂಜಿನ್ನುಗಳಲ್ಲಿ ಬಿಸಿ ಕೊಳವೆಯೊಳಗೇ ಇಂಧನವನ್ನು ಆವಿ ಮಾಡುವ ಕ್ರಮ ಬಂತು. ವಿಟ್ಲ್ ಮೊದಲು ಹಿಡಿದು ಆಮೇಲೆ ಕೈಬಿಟ್ಟ ದಾರಿ ಅದು. ಹವ್ಯಾಸಿ ಬರೀ ನಕಲು ಮಾಡುವವನು ಎನ್ನುವವರು ಇದನ್ನು ಗಮನಿಸಬೇಕು. 2006ರಲ್ಲಿ ಸ್ವಿಟ್ಜರ್ಲೆಂಡಿನ ಈವ್ ರೋಸಿ ಬೆನ್ನಿಗೆ ರೆಕ್ಕೆ ಕಟ್ಟಿ ಹಾರಿದಾಗ, 2008ರಲ್ಲಿ ಇಂಗ್ಲಿಷ್ ಕಾಲುವೆಯನ್ನೇ ದಾಟಿದಾಗ, ಆ ರೆಕ್ಕೆಯಡಿ ಇದ್ದದ್ದು ಮಾದರಿ ವಿಮಾನಗಳಿಗೆಂದು ಬೆಳೆದ ನಾಲ್ಕು ಜೆಟ್ ಎಂಜಿನ್ನುಗಳು.

ಸರಿ, ಆದರೆ ಬೈಕಿಗೆ ಏಕೆ ಎಂದು ಕೇಳಬಹುದು. ಲೆಕ್ಕ ಹಾಕಿದರೆ ಆಕ್ಷೇಪಕರೇ ಗೆಲ್ಲುತ್ತಾರೆ. 25 ಕಿಲೋ ತಳ್ಳುವ ಎಂಜಿನ್ನು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕೊಡುವುದು ಸುಮಾರು 9 ಅಶ್ವಶಕ್ತಿ, 50ರಲ್ಲಿ ಅದರರ್ಧ. ನಮ್ಮ ಊರಿನ 100 ಸಿಸಿ ಬೈಕು ಕೊಡುವಷ್ಟೇ ಹೆಚ್ಚುಕಡಿಮೆ. ಅನಿಲ ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹೊರಟು ಬೈಕು 28 ಮೀಟರ್ ಹೋದರೆ, ಅನಿಲಕ್ಕೆ ಕೊಟ್ಟ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಗಾಳಿಗೇ ಹೋಯಿತು. ಟರ್ಬೈನಿನಿಂದ ಬೈಕು ಓಡಿಸಲೇಬೇಕೆಂದರೆ ಬಲವನ್ನು ಹಿಂಚಕ್ರಕ್ಕೆ ಕೊಡುವುದೇ ಸರಿ. 2000ದಲ್ಲಿ ಲೂಸಿಯಾನದ ಎಂಟಿಟಿ ಕಂಪನಿ ಹೆಲಿಕಾಪ್ಟರಿನ ಎಂಜಿನ್ ಹಾಕಿ 320 ಅಶ್ವಶಕ್ತಿಯ ಬೈಕನ್ನು ಹಾಗೆಯೇ ಮಾಡಿತು. ಆದರೆ ಸಾರಿಗೆಗೆಂದು ಯಾರೂ ಜೆಟ್ ಬೈಕು ಕಟ್ಟುವುದಿಲ್ಲ. ಎಂಜಿನ್ನಿನ ಬಲ ಪರೀಕ್ಷಿಸಲು ಹಗುರವಾದ, ಕಡಿಮೆ ಖರ್ಚಿನ, ತಳ್ಳಿದರೆ ಉರುಳುವ ಚೌಕಟ್ಟು ಬೇಕು; ಬೈಕು ಅಂಥದ್ದು. ಆಗ ಕಾಗದದ ಮೇಲಿನ ಬಲ ನಿಜಕ್ಕೂ ಎಷ್ಟಿದೆಯೆಂದು ಮೈಗೇ ತಿಳಿಯುತ್ತದೆ. ಈ ಲೆಕ್ಕವನ್ನು ಪಠ್ಯದಲ್ಲಿ ಓದಿ ಮರೆಯುವವರ ನಡುವೆ ಕಟ್ಟಿ ನೋಡಿ ಕಲಿತವನ ಬೆಲೆ ದೊಡ್ಡದು.

ಅಪಾಯದ ಮಾತನ್ನು ಮಾತ್ರ ಯಾವ ವಾದದಿಂದಲೂ ಹಗುರ ಮಾಡಲಾಗದು. ಒಡೆದ ಟರ್ಬೈನ್ ಚಕ್ರದ ಚೂರು ಗುಂಡಿನಷ್ಟೇ ಮಾರಕ. ಆ ಚಕ್ರ ತಿರುಗುವ ನೇರದಲ್ಲಿ ಯಾರೂ ನಿಲ್ಲಕೂಡದು. ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ, ಬಿಡಲೂಬಾರದು. ಜೆಟ್ ಬೈಕಿನ ಜಾಗ ರಸ್ತೆಯಲ್ಲಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಒಂದು ಹಳೆಯ ಟರ್ಬೊ ತಂದು, ಉಕ್ಕಿನ ಕವಚವಿರುವ ಟೆಸ್ಟ್ ಸ್ಟ್ಯಾಂಡಿಗೆ ಬಿಗಿದು, ಬಲ್ಲವರ ಮೇಲುಸ್ತುವಾರಿಯಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡಲಿ. ಬೈಕಿಗೆ ಕೂರಿಸುವ ಮಾತು ಆಮೇಲೆ, ಅದೂ ಮುಚ್ಚಿದ ಟ್ರ್ಯಾಕಿನಲ್ಲಿ.