ಹುಬ್ಬಳ್ಳಿ ಬಸ್ಸು ಮತ್ತು ಟೆಸ್ಟ್ ಲ್ಯಾಂಪು

ನಮ್ಮ ಕಡೆಯ ಆಟೊ ಎಲೆಕ್ಟ್ರಿಷನ್ನರಿಗೆ ವಿದ್ಯೆ ಕಲಿಸಿದ್ದು ಹುಬ್ಬಳ್ಳಿಯ ದೂರ. ನಾನು ಕೆಲಸಕ್ಕೆ ಸೇರಿದಾಗ ಬಾಗಲಕೋಟೆ ಇನ್ನೂ ಬಿಜಾಪುರ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜಿನ ಕಪಾಟಿನಲ್ಲಿ ಫ್ಯೂಜು, ಬಲ್ಬು, ಟೇಪು, ಡೈನಮೋ ಬ್ರಶ್ಶು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಕಾಯಿಲ್ ಬೇಕೆಂದರೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರರ ಕೈಗೆ ಚೀಟಿ, ರೊಕ್ಕ ಕೊಡಬೇಕು, ಮರುದಿನ ಸ್ಟ್ಯಾಂಡಿನಲ್ಲಿ ಕಾಯಬೇಕು. ತಂದ ಕಾಯಿಲ್ ಹಾಕಿದ ಮೇಲೂ ಗಾಡಿ ಮಿಸ್ಸಿಂಗ್ ಬಿಡದಿದ್ದರೆ? ಅಂಗಡಿಯವನು ಎಲೆಕ್ಟ್ರಿಕ್ ಸಾಮಾನು ವಾಪಸ್ ತಗೊಳ್ಳುವುದಿಲ್ಲ, ಗಿರಾಕಿ ರೊಕ್ಕ ಕೊಡುವುದಿಲ್ಲ. ಹೀಗಾಗಿ ರೋಗ ಇಂಥಲ್ಲೇ ಇದೆ ಎಂದು ಖಾತ್ರಿಯಾಗುವ ತನಕ ಚೀಟಿ ಬರೆಯುವಂತಿರಲಿಲ್ಲ. “ಲೇ, ಬಿಚ್ಚೂದು ಯಾರಿಗೆ ಬರಂಗಿಲ್ಲ? ಮೊದಲ ಎಲ್ಲಿ ಹೋಗೇತಿ ನೋಡು” ಎನ್ನುತ್ತಿದ್ದರು ಉಸ್ತಾದರು.

ನೋಡುವುದಕ್ಕೆ ಇದ್ದದ್ದು ಟೆಸ್ಟ್ ಲ್ಯಾಂಪು. ಇಂಡಿಕೇಟರಿನ 21 ವ್ಯಾಟಿನ ಬಲ್ಬು, ಎರಡು ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಮಸೆದ ಸೈಕಲ್ ಸ್ಪೋಕು. ಮಲ್ಟಿಮೀಟರ್ ಬಂದ ಮೇಲೂ ನಾನಿದನ್ನು ಬಿಟ್ಟಿಲ್ಲ, ಅದಕ್ಕೆ ಕಾರಣವಿದೆ. ಒಳಗೆ ತಂತಿಯೆಲ್ಲ ಕೊಳೆತು ಒಂದೇ ಎಳೆ ಉಳಿದ ವೈರಿಗೆ ಮೀಟರ್ ಹಚ್ಚಿ ನೋಡಿ, ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಮೀಟರು ಕರೆಂಟನ್ನು ಎಳೆಯುವುದು ಇಲ್ಲವೆನ್ನುವಷ್ಟು ಕಡಿಮೆಯಲ್ಲ. ಬಲ್ಬು ಹಾಗಲ್ಲ, ಹೆಚ್ಚುಕಡಿಮೆ ಎರಡು ಆಂಪಿಯರ್ ಕೇಳುತ್ತದೆ. ಕೊಳೆತ ವೈರು ಅಷ್ಟು ಕೊಡಲಾರದೆ ಬಲ್ಬು ಮಂಕಾಗುತ್ತದೆ.

ಆಗಿನ ಗಾಡಿಗಳೆಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪು. ಅಂಬಾಸಿಡರನ್ನು ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಗೆ ಶುರು ಮಾಡಿ 2014ರ ತನಕ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿದರು. ಹಳೆಯವುಗಳಲ್ಲಿ ಆಲ್ಟರ್ನೇಟರ್ ಇರಲಿಲ್ಲ, ಡೈನಮೋ ಇತ್ತು. ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ ಡೈನಮೋ ಚಾರ್ಜ್ ಕೊಡುತ್ತದೆ, ಸ್ಲೋಗೆ ಬಂದರೆ ಡೈನಮೋವನ್ನು ಬ್ಯಾಟರಿಗೆ ಕೂಡಿಸುವ ಕಟೌಟ್ ಬಿಟ್ಟುಕೊಂಡು ಬ್ಯಾಟರಿಯೇ ಎಲ್ಲ ಭಾರ ಹೊರಬೇಕು. ಅಮೀನಗಡದಿಂದ ಹುನಗುಂದದ ತನಕ ರಾತ್ರಿ ಎತ್ತಿನ ಬಂಡಿಗಳ ಹಿಂದೆ ಹೆಡ್‌ಲೈಟ್ ಹಚ್ಚಿಕೊಂಡು, ಹಾರ್ನ್ ಹೊಡೆಯುತ್ತ ಬಂದ ಮದುವೆ ಗಾಡಿ ಊರು ಮುಟ್ಟುವ ಹೊತ್ತಿಗೆ ಬ್ಯಾಟರಿ ಡೌನ್. ಮಾಲಕರು ಬ್ಯಾಟರಿಯನ್ನು ಬೈಯುತ್ತಿದ್ದರು. ಬ್ಯಾಟರಿಯ ತಪ್ಪೇನಿಲ್ಲ, ತಪ್ಪು ರಸ್ತೆಯದು.

ಒಂದೊಂದು ಊರಿನ ರೋಗ ಒಂದೊಂದು ಥರ. ಬಾದಾಮಿಯಲ್ಲಿ ಬೇಸಿಗೆಯ ರೋಗ. ಐಹೊಳೆ, ಪಟ್ಟದಕಲ್ಲು ತಿರುಗಿ ಬಂದ ಪ್ರವಾಸಿ ಟ್ಯಾಕ್ಸಿಗಳು ಮಧ್ಯಾಹ್ನ ಗುಡ್ಡದ ಬುಡದಲ್ಲಿ ನಿಂತುಬಿಡುತ್ತಿದ್ದವು. ಕಾವಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಪಂಪು ಎಳೆಯುವುದಿಲ್ಲ. ಪಂಪಿನ ಮೇಲೆ ಹಸಿ ಅರಿವೆ ಸುತ್ತಿ, ಒಂದು ಚಹಾ ಕುಡಿದರೆ ಗಾಡಿ ತಾನೇ ಚಾಲೂ.

ಇಳಕಲ್ಲಿನ ರೋಗ ಅಷ್ಟು ಸುಲಭದ್ದಲ್ಲ. ಹೊರಗಿನವರಿಗೆ ಇಳಕಲ್ ಅಂದರೆ ಸೀರೆ. ನಮ್ಮಂಥವರಿಗೆ ಅದು ಕೆಂಪು ಗ್ರಾನೈಟಿನ ಧೂಳು. ಅರೆಯುವ ಗುಣದ ಆ ಕಲ್ಲಿನ ಪುಡಿ, ಹರಿದ ಏರ್ ಫಿಲ್ಟರ್ ದಾಟಿತೆಂದರೆ ಕಾರ್ಬೊರೇಟರಿನ ಬಟರ್‌ಫ್ಲೈ ಶಾಫ್ಟನ್ನು ತಿನ್ನುತ್ತದೆ. ಶಾಫ್ಟ್ ಸಡಿಲಾದ ಸಂದಿಯಿಂದ ಕಳ್ಳಗಾಳಿ ಒಳಗೆ ಹೋಗಿ ಗಾಡಿ ಸ್ಲೋ ನಿಲ್ಲುವುದಿಲ್ಲ. ಡ್ರೈವರು ಸ್ಕ್ರೂ ತಿರುವಿ ರೇಸ್ ಏರಿಸಿಕೊಳ್ಳುತ್ತಾನೆ, ಪೆಟ್ರೋಲು ನೀರಿನಂತೆ ಹೋಗುತ್ತದೆ. ಪದ್ಮಿನಿಯ ಸೋಲೆಕ್ಸ್ ಕಾರ್ಬೊರೇಟರಿನಲ್ಲಿ ಇದನ್ನು ಹಿಡಿಯಲು ಉಸ್ತಾದರು ಇಂಜಿನ್ ಚಾಲೂ ಇದ್ದಾಗಲೇ ಶಾಫ್ಟಿನ ಬುಡಕ್ಕೆ ಎರಡು ಹನಿ ದಪ್ಪ ಎಣ್ಣೆ ಬಿಡುತ್ತಿದ್ದರು. ಎಣ್ಣೆ ಸಂದಿ ಮುಚ್ಚಿದಷ್ಟು ಹೊತ್ತು ಸ್ಲೋ ನಿಂತರೆ ರೋಗ ಅಲ್ಲೇ ಇದೆ. ಖರ್ಚು ಎರಡು ಹನಿ ಎಣ್ಣೆ.

ಹುನಗುಂದದ ಕಡೆಯದು ಇಲಿಯ ಕಾಟ. ಎರೆ ಹೊಲದ ಹಿಂಗಾರಿ ಜೋಳ ಒಕ್ಕಿ ಚೀಲ ಮನೆಗೆ ಬಂದ ಮೇಲೆ ಇಲಿಯೂ ಬರುತ್ತದೆ, ರಾತ್ರಿ ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಿ ವೈರು ಕಡಿಯುತ್ತದೆ. ಕೆಲವರು ತಂಬಾಕಿನ ಎಲೆ ಕಟ್ಟಿಡುತ್ತಾರೆ. ತಂಬಾಕಿನ ಪಕ್ಕದಲ್ಲೇ ಗೂಡು ಮಾಡಿದ ಇಲಿಯನ್ನೂ ನಾನು ನೋಡಿದ್ದೇನೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಹತ್ತು ವರ್ಷದೊಳಗೆ ನಮ್ಮ ಕಡೆಯ ಅರಿವೆ ವ್ಯಾಪಾರಿಗಳು, ಡಾಕ್ಟರುಗಳ ಮನೆ ಮುಂದೆಲ್ಲ ಅದೇ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಕಾರ್ಬೊರೇಟರ್ ಮಾರುತಿಯ ಕಥೆ ಹೇಳಬೇಕು, ಕರೆಂಟಿನ ರೋಗ ರೇಸಿನ ರೋಗದ ವೇಷ ಹಾಕುವುದನ್ನು ಅಷ್ಟು ಚೊಲೊ ತೋರಿಸಿದ ಗಾಡಿ ಇನ್ನೊಂದಿಲ್ಲ. “ಕಾಲು ತೆಗದ್ರೂ ರೇಸ್ ಇಳಿಯೂದಿಲ್ರೀ ಮಿಸ್ತ್ರಿ” ಎಂದರು. ಬೇರೆ ಊರಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದರು, ಆಕ್ಸಿಲರೇಟರ್ ಕೇಬಲ್ ಬದಲಿಸಿದ್ದರು, ಹೊಸ ಕೇಬಲ್ಲೂ ವಾರದಲ್ಲಿ ಹಿಡಿದುಕೊಂಡಿತ್ತು. ಕೇಬಲ್ ಎಳೆದು ನೋಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟಿದೆ. ಪ್ಲಾಸ್ಟಿಕ್ ಸುಮ್ಮನೆ ಕರಗುವುದಿಲ್ಲ. ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿ ಕೇಬಲ್ ಮೇಲೆ ಕೈ ಇಟ್ಟೆ. ಬಿಸಿ! ಪಕ್ಕದ ಚೋಕ್ ಕೇಬಲ್ಲೂ ಬಿಸಿ.

ಸೆಲ್ಫ್ ಮೋಟಾರು ನೂರು ಆಂಪಿಯರಿನ ಮೇಲೆ ಕರೆಂಟು ಎಳೆಯುತ್ತದೆ. ಅಷ್ಟೂ ಇಂಜಿನ್ನಿನಿಂದ ಅರ್ಥ್ ಪಟ್ಟಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ತಿರುಗಿ ಹೋಗಬೇಕು. ಆ ಪಟ್ಟಿ ಕೆಟ್ಟಿದ್ದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಇಂಜಿನ್ನನ್ನೂ ಬಾಡಿಯನ್ನೂ ಕೂಡಿಸುವ ಬೇರೆ ಲೋಹವೆಂದರೆ ಆಕ್ಸಿಲರೇಟರ್, ಚೋಕ್‌ಗಳಂಥ ಕೇಬಲ್ಲುಗಳೇ. ಮೀಟರಿನ ಒಂದು ತುದಿ ಇಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ ಹಿಡಿದು ಸೆಲ್ಫ್ ಹೊಡೆಸಿದೆ. ಕಾಲು ವೋಲ್ಟಿನೊಳಗೆ ಇರಬೇಕಾದದ್ದು ಎರಡು ವೋಲ್ಟ್ ದಾಟಿತು. ಗೇರ್ ಬಾಕ್ಸಿನ ಹತ್ತಿರ ಕೆಸರು ಕೆರೆದು ಬೋಲ್ಟ್ ಬಿಚ್ಚಿದರೆ ಪಟ್ಟಿಯ ಕೆಳಗೆಲ್ಲ ಹಸಿರು ಕಿಲುಬು. ತಿಕ್ಕಿ ಹೊಸ ಪಟ್ಟಿ ಹಾಕಿ, ಆಮೇಲೆ ಕೇಬಲ್ ಹಾಕಿದೆ. ಸೆಲ್ಫಿನ ದನಿಯೇ ಬದಲಾಯಿತು. ಆ ಕೇಬಲ್ ಮತ್ತೆ ಹಿಡಿಯಲಿಲ್ಲ.

2000ನೇ ಇಸವಿಯ ಹೊಗೆ ನಿಯಮ ಬಂದ ಮೇಲೆ ಕಾರ್ಬೊರೇಟರ್ ಕಾರುಗಳ ಕಾಲ ಮುಗಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯೊಳಗೆ ನುಗ್ಗಿತು, ಗ್ಯಾರೇಜುಗಳೂ ಅಂಗಡಿಗಳ ಜೊತೆ ನವನಗರಕ್ಕೆ ಹೊರಟವು. ನಾನು ಇಳಕಲ್ಲಿಗೆ ಬಂದೆ.

ಕಾರ್ಬೊರೇಟರ್ ಇಲ್ಲದ ಹೊಸ ಗಾಡಿಯಲ್ಲೂ ಬಟರ್‌ಫ್ಲೈ ಇದೆ, ಅದಕ್ಕೆ ಥ್ರಾಟಲ್ ಎನ್ನುತ್ತಾರೆ; ಅದು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಇರುತ್ತದೆ. ಮೂರು ವೈರು: ಐದು ವೋಲ್ಟ್, ಅರ್ಥ್, ಸಿಗ್ನಲ್. ಮುಚ್ಚಿದಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ ನಾಲ್ಕರ ಮೇಲೆ. ನಡುವೆ ಎಲ್ಲೂ ತಡವರಿಸದೆ ಏರಬೇಕು. ಇದಕ್ಕೆ ಡಿಜಿಟಲ್ ಮೀಟರಿಗಿಂತ ಹಳೆಯ ಮುಳ್ಳಿನ ಮೀಟರೇ ಚೊಲೊ. ಸವೆದ ಜಾಗಕ್ಕೆ ಬಂದಾಗ ಮುಳ್ಳು ಥಟ್ಟನೆ ಬೀಳುವುದು ಕಣ್ಣಿಗೆ ಕಾಣುತ್ತದೆ.

ಈಗ ಹುಡುಗರ ಕೈಯಲ್ಲಿ ಸ್ಕ್ಯಾನರ್ ಇದೆ. ಅದನ್ನು ಹಳಿಯುವವನು ನಾನಲ್ಲ. ಕೂಡಲಸಂಗಮ ಕ್ರಾಸಿನಲ್ಲಿ ಒಮ್ಮೆ ಬಂದು, ಗ್ಯಾರೇಜ್ ಮುಟ್ಟುವಷ್ಟರಲ್ಲಿ ಮಾಯವಾಗುವ ರೋಗವನ್ನು ಕಂಪ್ಯೂಟರ್ ನೆನಪಿಟ್ಟಿರುತ್ತದೆ. ಉಸ್ತಾದರ ಕಾಲದಲ್ಲಿ ಅಂಥ ಗಾಡಿಯನ್ನು ದಿನವಿಡೀ ಓಡಿಸಿ ನೋಡಬೇಕಿತ್ತು. ಆದರೆ ಸ್ಕ್ಯಾನರ್ ಥ್ರಾಟಲ್ ಕೋಡ್ ತೋರಿಸಿತೆಂದರೆ ಸಿಗ್ನಲ್ಲಿನ ವೋಲ್ಟೇಜು ಲೆಕ್ಕಕ್ಕೆ ಸಿಗುತ್ತಿಲ್ಲ ಎಂದಷ್ಟೇ ಅರ್ಥ. ಸೆನ್ಸರ್ ಸತ್ತಿದೆಯೋ, ಇಲಿ ವೈರು ಕಡಿದಿದೆಯೋ, ಪ್ಲಗ್ಗಿನೊಳಗೆ ಕಿಲುಬು ಹಿಡಿದಿದೆಯೋ, ಅದು ಹೇಳುವುದಿಲ್ಲ. ಬೆಳಿಗ್ಗೆ ಫೋನಿನಲ್ಲಿ ಹೇಳಿದರೆ ಸಂಜೆಗೋ ಮರುದಿನಕ್ಕೋ ಪಾರ್ಸೆಲ್ ಬರುತ್ತದೆ, ಹಾಗಾಗಿ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಾಕಿ ನೋಡುತ್ತಾರೆ. ರೊಕ್ಕ ಗಿರಾಕಿಯದು.

ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕೊಟ್ಟು ಹಳೆ ಗಾಡಿ ಇಟ್ಟುಕೊಂಡವರಿಗೆ ನನ್ನದೊಂದು ಮಾತು. ಥ್ರಾಟಲ್ ಬಾಡಿ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಹೂಂ ಅನ್ನುವ ಮೊದಲು ಎರಡು ರೀಡಿಂಗ್ ಕೇಳಿರಿ: ಸೆಲ್ಫ್ ಹೊಡೆದಾಗ ಇಂಜಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಎಷ್ಟು ವೋಲ್ಟ್, ಸೆನ್ಸರಿನ ಪ್ಲಗ್ಗಿಗೆ ಐದು ವೋಲ್ಟ್ ಬರುತ್ತಿದೆಯೋ ಇಲ್ಲವೋ. ಮೀಟರ್ ಹಚ್ಚಿ ತೋರಿಸಿದರೆ ಅಲ್ಲೇ ಕೆಲಸ ಮಾಡಿಸಿರಿ, ತೋರಿಸದಿದ್ದರೆ ಕೀಲಿ ತಗೊಂಡು ಬೇರೆ ಗ್ಯಾರೇಜ್ ನೋಡಿರಿ.