ತೊಟ್ಟಿಲ ಹಣದ ಲೆಕ್ಕ

ದುಬೈ, ಅಬುಧಾಬಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಎರಡು ಬಗೆ: ಸಂಸಾರವನ್ನು ಕರೆತಂದವರು, ಊರಲ್ಲೇ ಬಿಟ್ಟು ಬಂದವರು. 2019ರ ನಿಯಮದಂತೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 4,000 ದಿರ್ಹಮ್ ಸಂಬಳವಿರಬೇಕು. ವಸತಿ ಸಿಕ್ಕಿದ್ದರೆ 3,000 ಸಾಕು. ಅಷ್ಟೂ ಇಲ್ಲದವನ ಕೂಸು ಬೆಳೆಯುವುದು ಕುಂದಾಪುರದಲ್ಲೋ ಕಲಬುರಗಿಯಲ್ಲೋ. ಆ ಕೂಸಿಗೆ ಯಾವ ಸರ್ಕಾರ ಕೈಹಿಡಿಯುತ್ತದೆ?

ಎಮಿರೇಟ್ಸ್ ತನ್ನ ಬಡ ಕುಟುಂಬಗಳನ್ನು ಮರೆತಿಲ್ಲ. 2022ರ ಜುಲೈಯಲ್ಲಿ ಪರಿಷ್ಕರಿಸಿದ 2,800 ಕೋಟಿ ದಿರ್ಹಮ್‌ಗಳ ಕಲ್ಯಾಣ ಯೋಜನೆಯಲ್ಲಿ ಮೊದಲ ಮಗುವಿಗೆ ತಿಂಗಳಿಗೆ 2,400 ದಿರ್ಹಮ್ ಭತ್ಯೆ ಇದೆ. ಆದರೆ ಅದು ಇಲ್ಲಿನ ಪೌರರಿಗೆ. ನಾವು ದುಡಿಯಲು ಬಂದವರು. ನಮ್ಮ ಲೆಕ್ಕದ ಪುಸ್ತಕ ಊರಿನಲ್ಲಿದೆ.

ಆ ಪುಸ್ತಕ ತಿರುವಿದರೆ, 1995ರಲ್ಲಿ ಕೇಂದ್ರ ಸರ್ಕಾರ ಬಡ ಬಾಣಂತಿಯರಿಗಾಗಿ ಹೆರಿಗೆ ನೆರವು ಆರಂಭಿಸಿತು. ಅದರ ಮೊತ್ತ 500 ರೂಪಾಯಿ ದಾಟಲಿಲ್ಲ. 2010ರಲ್ಲಿ ಇಂದಿರಾ ಗಾಂಧಿ ಮಾತೃತ್ವ ಸಹಯೋಗ ಯೋಜನೆ ಕಂತುಗಳಲ್ಲಿ 4,000 ಕೊಟ್ಟಿತು. ನಮ್ಮಲ್ಲಿ ಧಾರವಾಡ, ಕೋಲಾರ ಜಿಲ್ಲೆಗಳಲ್ಲಿ ಮಾತ್ರ. 2013ರ ಆಹಾರ ಭದ್ರತಾ ಕಾಯ್ದೆ 6,000ಕ್ಕೆ ಕಡಿಮೆಯಾಗಬಾರದೆಂದಿತು. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಮಾತ್ರ ಮೊದಲ ಮಗುವಿಗೆ 5,000 ಎಂದಿತು! ಜನನಿ ಸುರಕ್ಷಾ ಹಣ ಸೇರಿಸಿ, ಸರಾಸರಿ 6,000 ಎಂದು ಲೆಕ್ಕ ಸರಿದೂಗಿಸಿದರು. 2022ರಿಂದ ಎರಡನೆಯದು ಹೆಣ್ಣಾದರೆ 6,000 ಉಂಟು.

ಕರ್ನಾಟಕದ ದಾರಿ ಬೇರೆ. 2006ರ ಭಾಗ್ಯಲಕ್ಷ್ಮಿ ಯೋಜನೆ ಬಡವರ ಹೆಣ್ಣುಮಗುವಿನ ಹೆಸರಲ್ಲಿ ಠೇವಣಿ ಇಟ್ಟಿತು. ಮುಂದೆ ಮೊದಲ ಮಗುವಿಗೆ ಅದು 19,300 ರೂಪಾಯಿಯಾಯಿತು. 18 ತುಂಬಿ, ಬಾಲ್ಯವಿವಾಹವಾಗದೆ, ಶಾಲೆ ಬಿಡದೆ ಇದ್ದವಳಿಗೆ ಸುಮಾರು 1 ಲಕ್ಷ. ಹೆಣ್ಣು ಹುಟ್ಟಿದ ಮನೆಗೆ ಆ ಬಾಂಡು ಒಂದು ಗೌರವ ತಂದಿತು, ನಿಜ.

ಆದರೆ ಲೆಕ್ಕಿಗನಿಗೆ ಠೇವಣಿ ಬೇರೆ, ಕೈಯಲ್ಲಿರುವ ಕಾಸು ಬೇರೆ. ಮಗುವಿನ ಮಿದುಳು, ಮೈಕಟ್ಟು ಬಹುಪಾಲು ರೂಪುಗೊಳ್ಳುವುದು ಮೊದಲ ಎರಡು ವರ್ಷಗಳಲ್ಲಿ. ಆಗ ಹಾಲು ಮೊಟ್ಟೆಗೆ ಬೇಕಾದ ಹಣ 18 ವರ್ಷದ ನಂತರ ಬಂದರೆ ಆ ಎರಡು ವರ್ಷ ಮರಳಿ ಬರುವುದಿಲ್ಲ.

ಇಲ್ಲಿನ ನಮ್ಮ ಸಂಘಗಳೂ ಸಾಮಾನ್ಯವಾಗಿ ಹತ್ತನೆಯ ತರಗತಿ ಮುಗಿದ ಮೇಲೆಯೇ ಮಕ್ಕಳನ್ನು ನೆನೆಯುತ್ತವೆ. ವಿದ್ಯಾರ್ಥಿವೇತನ ಇರಲಿ. ಜೊತೆಗೆ ಕಾರ್ಮಿಕರ ಕ್ಯಾಂಪಿಗೆ ಹೋದಾಗ, "ಮನೆಯಲ್ಲಿ ಕೂಸಿದೆಯೇ? ಅಮ್ಮ ಅಂಗನವಾಡಿಯಲ್ಲಿ ಹೆಸರು ಬರೆಸಿದ್ದಾರೆಯೇ?" ಎಂದು ಕೇಳೋಣ. ಆ 5,000 ತಾಯಿಯ ಖಾತೆಗೇ ಬರುವ ಹಣ; ಗಂಡ ಕಳಿಸುವ ದಿರ್ಹಮ್ ತಡವಾದ ತಿಂಗಳಲ್ಲಿ ಅದರ ಬೆಲೆ ಆಕೆಗೆ ಗೊತ್ತು.