ಮಕ್ಕಳ ಹಾಡು ಯಾರದು?

2003ರ ನವೆಂಬರ್ 15ರಂದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಮೊದಲ 'ಜೂನಿಯರ್ ಯೂರೋವಿಷನ್' ನಡೆಯಿತು. 16 ದೇಶಗಳ ಮಕ್ಕಳು ಹಾಡಿದರು. ಟಿ.ವಿ. ಮುಂದೆ ಕುಳಿತ ಜನರೇ ಮತ ಹಾಕಿ ಕ್ರೊಯೇಷ್ಯಾದ 11 ವರ್ಷದ ದಿನೋ ಯೆಲುಸಿಚ್‌ನನ್ನು ಗೆಲ್ಲಿಸಿದರು. ಆರಂಭದ ನಿಯಮಗಳಲ್ಲಿ ಎರಡು ಮುಖ್ಯವಾದವು: ಹಾಡು ಮಕ್ಕಳದೇ ರಚನೆಯಾಗಿರಬೇಕು, ತಮ್ಮ ದೇಶದ ಭಾಷೆಯಲ್ಲಿರಬೇಕು.

ನಮ್ಮ ಕಡೆಗೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಾವಗಡವನ್ನಂತೂ ಹೆಚ್ಚುಕಡಿಮೆ ಆಂಧ್ರದ ನೆಲವೇ ಸುತ್ತುವರಿದಿದೆ. ಇಲ್ಲಿ ಮನೆಯಲ್ಲಿ ಉರ್ದು ಅಥವಾ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಎಸ್.ಪಿ. ಬಾಲಸುಬ್ರಹ್ಮಣ್ಯಂ 1996ರಲ್ಲಿ ತೆಲುಗಿನಲ್ಲಿ 'ಪಾಡುತಾ ತೀಯಗಾ' ಆರಂಭಿಸಿದರು. ಆಮೇಲೆ ಈಟಿವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ನಡೆಸಿಕೊಟ್ಟರು. ಎಳೆಯರ ಉಚ್ಚಾರವನ್ನು ಅಕ್ಕರೆಯಿಂದ ತಿದ್ದಿದ ಆ ಹಿರಿಯರು 2020ರಲ್ಲಿ ತೀರಿಕೊಂಡರು. ಆದರೆ ಆ ವೇದಿಕೆಗಳಲ್ಲೂ ಎಳೆಯರು ಹಾಡಿದ್ದು ದೊಡ್ಡವರು ಕಟ್ಟಿದ ಹಾಡುಗಳನ್ನೇ.

ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯ ಮನಸ್ಸು ಇನ್ನೂ ದೊಡ್ಡದು. ಜನಪದ ಗೀತೆಯ ಜೊತೆಗೆ ಗಝಲ್, ಕವ್ವಾಲಿಗೂ ಅಲ್ಲಿ ಜಾಗವಿದೆ. ಕ್ಯಾಮೆರಾ ಇಲ್ಲದ ಆ ಶಾಲಾ ಅಂಗಳದಲ್ಲಿ ಶಿರಾದ ಉರ್ದು ಹುಡುಗಿಯೂ ಪಾವಗಡದ ತೆಲುಗು ಹುಡುಗನೂ ಒಂದೇ ಸಾಲಿನಲ್ಲಿ ನಿಲ್ಲಬಹುದು. ಯೂರೋಪಿನ ನಿಯಮ ಕೇಳಿದ್ದು ದೇಶದ ಭಾಷೆ. ನಾವು ಕೇಳಬೇಕಾದದ್ದು ಮನೆಯ ಭಾಷೆ. ಮಗು ತಾನೇ ಕಟ್ಟಿದ ನಾಲ್ಕು ಸಾಲು ಹಾಡಿದರೆ ಅದಕ್ಕೂ ಒಂದು ಬಹುಮಾನವಿರಲಿ. ಮಕ್ಕಳ ಕಂಠವನ್ನು ನಾವು ಸಾಕಷ್ಟು ಮೆಚ್ಚಿದ್ದೇವೆ, ಇನ್ನು ಅವರ ಮಾತನ್ನೂ ಕೇಳೋಣ.